ಹದಿನೇಳನೇ ಡೈರಿ, ನಲವತ್ತನೇ ಪುಟ

ತೀರಿಕೊಂಡ ಮೇಷ್ಟ್ರ ಇಪ್ಪತ್ತಮೂರು ಡೈರಿಗಳನ್ನೂ ಬೆರಳು ಸವೆಸಿ ಟೈಪ್ ಮಾಡಿದವನು ಊರಿನ ವಾಚನಾಲಯ ನೋಡಿಕೊಳ್ಳುವ ವಾಮನ. ಆದರೆ ಅಲ್ಲಿನ ಹಳೇ ಟ್ಯಾಬಿನಲ್ಲಿ ಬರಹವೂ ಹುಡುಕುಪಟ್ಟಿಯೂ ಒಟ್ಟಿಗೆ ಹಿಡಿಯಲಿಲ್ಲ. ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಉಳಿಸಿಕೊಂಡು ಬರಹವನ್ನು ಅಳಿಸಿಬಿಟ್ಟ. ಡೈರಿಗಳು ಹೇಗೂ ಮೇಷ್ಟ್ರ ಮಗಳ ಮನೆಗೆ ವಾಪಸಾಗಿದ್ದವು. ಆದರೂ ಅಳಿಸಿದ್ದನ್ನು ಅವಳಿಗೆ ಹೇಳದೆ ಉಳಿದದ್ದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು.

ಈಗ ಅವಳೇ ಎದುರಿಗೆ ಕುಳಿತಿದ್ದಳು. ಅಪ್ಪನೊಡನೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದವಳು.

“ಡೈರಿ ತೆರೆಯೋ ಧೈರ್ಯ ನಂಗೆ ಬರ್ಲೇ ಇಲ್ಲ. ನನ್ನ ಹೆಸರು ಎಲ್ಲಾದ್ರೂ ಬರ್ದಿದ್ದಾರಾ, ನೋಡ್ತೀರಾ?”

ಅವನು ‘ಇಂದುಮತಿ’ ಎಂದು ಒತ್ತಿದ. ಒಂದೇ ಒಂದು ಕಡೆ ಸಿಕ್ಕಿತು.

“ಹದಿನೇಳನೇ ಡೈರಿ, ನಲವತ್ತನೇ ಪುಟ.”

“ಅದೇ ಪುಟದಲ್ಲಿ ‘ಕ್ಷಮೆ’ ಅಂತ ಇದ್ಯಾ?”

ಇತ್ತು.

ಅವಳು ಮುಂದಕ್ಕೆ ಬಾಗಿದಳು. “ಏನಂತ ಬರ್ದಿದ್ದಾರೆ? ಓದಿ.”

ವಾಮನ ಟ್ಯಾಬನ್ನು ಅವಳ ಕಡೆ ತಿರುಗಿಸಿದ. “ಓದೋಕಾಗಲ್ಲ ಮೇಡಂ. ಜಾಗ ಸಾಲ್ದೆ ಬರಹ ಅಳಿಸ್ಬಿಟ್ಟೆ, ಪುಟದ ನಂಬರು ಮಾತ್ರ ಉಳಿದಿದೆ. ಮೊದ್ಲೇ ಹೇಳ್ಬೇಕಿತ್ತು, ನಂದೇ ತಪ್ಪು. ಆದ್ರೆ ಡೈರಿ ನಿಮ್ಮನೇಲೇ ಇದ್ಯಲ್ಲ, ಹೋಗಿ ಆ ಪುಟ ತೆಗೆದ್ರೆ ಆಯ್ತು.”

ಅವಳು ಟ್ಯಾಬನ್ನು ಅವನತ್ತ ವಾಪಸ್ ಸರಿಸಿದಳು.

“ಎಲ್ಲಾ ಟ್ಯಾಬಿಗೆ ಸೇರಿಸಾಯ್ತು ಅಂತ ನೀವು ಹೇಳಿದ ವಾರಾನೇ ಡೈರಿಗಳನ್ನ ರದ್ದಿಯವನಿಗೆ ಹಾಕ್ಬಿಟ್ಟೆ,” ಎಂದಳು. “ನಮ್ದು ಒಂದೇ ರೂಮಿನ ಮನೆ. ನಮ್ಮಲ್ಲೂ ಜಾಗ ಇರ್ಲಿಲ್ಲ.”