ಐವತ್ತು ವರ್ಷ ತಡವಾದ ಗಾಡಿ

ಬಸರಿಕೊಪ್ಪ ಜಂಕ್ಷನ್ನಿನ ಮೀಟರ್‌ಗೇಜ್ ಹಳಿ ಕಿತ್ತುಹಾಕಿ ಎಷ್ಟೋ ಕಾಲವಾಯಿತು. ಅದರ ಗಾಡಿಗಳು ಮಾತ್ರ ಐವತ್ತು ವರ್ಷ ತಡವಾಗಿ ಬರುತ್ತಲೇ ಇವೆ. ಇಳಿದವರು ಶಂಕ್ರವ್ವನ ಅಂಗಡಿಯಲ್ಲಿ ಚಹಾ ಕುಡಿದು, ಎದುರಿನ ಕನೆಕ್ಷನ್ ಗಾಡಿ ಹತ್ತಿ ತಮ್ಮ ಕಾಲಕ್ಕೇ ಹೋಗುತ್ತಾರೆ.

ಇವತ್ತು ಇಳಿದವನು ಅವಳ ಸತ್ತ ಗಂಡ, ಆಗಷ್ಟೇ ಮೀಸೆ ಚಿಗುರಿದ ಹುಡುಗ.

"ಲಗೂನ ಚಾ ಕೊಡಬೇ ಯವ್ವಾ, ಹೆಣ್ಣು ನೋಡಾಕ ಹೊಂಟೀನಿ."

ಅವನು ಹೊರಟಿದ್ದು ಅವಳನ್ನೇ ನೋಡಲು. ಮದುವೆಯಾದ ಮೇಲೆ ಅವನ ಏಟಿಗೆ ಕಿವುಡಾದ ಎಡಗಿವಿ ಗುಂಯ್‌ಗುಟ್ಟಿತು. ಗಾಡಿ ತಪ್ಪಲೆಂದೇ ಕುದಿಯುವ ಚಹಾ ಕೊಟ್ಟಳು. ಅವನು ಊದುತ್ತ ನಿಂತ. ಗಾಡಿ ಸೀಟಿ ಹೊಡೆಯಿತು.

"ಅವ್ವಾ, ಹಾಲು ಉಕ್ಕಾಕತ್ತೈತಿ!" ಅಂಗಡಿಯೊಳಗಿಂದ, ಅವನಿಗೇ ಹುಟ್ಟಿದ ಮಗಳ ಕೂಗು ಬಲಗಿವಿಗೆ ಕೇಳಿಸಿತು.

ಶಂಕ್ರವ್ವ ಕಪ್ಪು ಕಸಿದುಕೊಂಡು, ಚಹಾವನ್ನು ಬಸಿಗೆ ಸುರಿದು, ತಾನೇ ಊದಿ ಆರಿಸಿದಳು.

"ಕುಡದು ಓಡೋ," ಎಂದಳು, "ಗಾಡಿ ತಪ್ಪೀತು."