ಕೂತೇ ಇದ್ದ ಹಕ್ಕಿಗಳು

ಈಚಿನ ವರ್ಷಗಳಲ್ಲಿ ಕಡಲು ಹೊತ್ತುಗೊತ್ತಿಲ್ಲದೆ ಏರತೊಡಗಿದ ಮೇಲೆ ಅದರ ಸುಳಿವು ಸಿಗುವುದು ಹಕ್ಕಿಗಳಿಗೆ ಮಾತ್ರ. ಅವು ಹಾರಿದರೆ ಓಡಬೇಕು. ಪಕ್ಷಿಧಾಮಕ್ಕೆ ಬರುವವರಿಗೆಲ್ಲ ಇದು ಗೊತ್ತು.

ಬೇಸಿಗೆಯ ಆ ಮಧ್ಯಾಹ್ನ, ಹಕ್ಕಿ ನೋಡುತ್ತ ಮರಳಿನಲ್ಲಿ ನಿಂತಿದ್ದ ಶಿಕ್ಷಕಿ ವತ್ಸಲಾರ ಚಪ್ಪಲಿಗೆ ನೀರು ತಾಗಿತು.

“ಹಕ್ಕಿ ಕೂತೇ ಇದ್ದಾವಲ್ಲ ಅಕ್ಕೋರೆ, ಹೆದರೂದೆಂತಕ್ಕೆ?” ಎಂದ ಕಾವಲುಗಾರ ಹಮ್ಮಣ್ಣ.

ವತ್ಸಲಾ ದುರ್ಬೀನು ಎತ್ತಿದರು. ದೂರದ ದಿಬ್ಬದಲ್ಲಿ ಹಕ್ಕಿಗಳ ಹೊಟ್ಟೆಯವರೆಗೂ ನೀರಿತ್ತು. ಒಂದೂ ಕದಲಲಿಲ್ಲ. ನೋಡುತ್ತಿದ್ದಂತೆ ಒಂದು ಹಕ್ಕಿ ರೆಕ್ಕೆ ಬಿಚ್ಚದೆಯೇ ಮಗುಚಿ ತೇಲತೊಡಗಿತು.

“ಹಮ್ಮಣ್ಣ, ಹಕ್ಕಿಗಳನ್ನು ಕರೆಯೋಕೆ ಅಂತ ಮರದ ಹಕ್ಕಿ ಇಟ್ಟಿದ್ರಲ್ಲ, ಎಲ್ಲಿ?”

“ಅಲ್ಲೇ, ಜೀವದವುಗಳ ನಡುವೆ.”

ಹಮ್ಮಣ್ಣ ದುರ್ಬೀನು ಕಸಿದು ಬಹಳ ಹೊತ್ತು ನೋಡಿದ.

“ಜೀವದವು ಯಾವಾಗ ಹಾರಿ ಹೋದ್ವು?” ಎಂದ.

ಇಬ್ಬರೂ ದಡದಿಂದ ನಡೆದು ಬಂದ ದಾರಿಯ ಮೇಲೆ ಆಗಲೇ ಅಲೆಗಳಿದ್ದವು.