ಉಲ್ಟಾ ತೋಳಿನ ಕೋಟು

ಅತ್ತೆ ಕೋಟನ್ನು ಮೇಜಿನ ಮೇಲೆ ಹರಡಿದಳು, ತೋಳು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಮುಚ್ಚಿಕೊಂಡ ರಭಸಕ್ಕೆ ಗೋಡೆಯ ಮೊಳೆಗೆ ನೇತುಹಾಕಿದ್ದ ಅಳತೆ ಟೇಪು ಜೋಲಿ ಹೊಡೆಯಿತು. ನಂಬದಿದ್ದರೆ ನಷ್ಟ ನಿಮಗೇ. ಕೋಟಿನ ಎಡದ ತೋಳು ಬಲಕ್ಕೆ ಕೂತಿತ್ತು, ಬಲದ್ದು ಎಡಕ್ಕೆ. ಅದನ್ನು ತೊಟ್ಟ ಮದುಮಗ ಹೆಂಡತಿಯ ಕೈ ಹಿಡಿಯಬೇಕಾದರೆ ಅವಳಿಗೆ ಬೆನ್ನು ಹಾಕಿ ನಿಲ್ಲಬೇಕು. ಸಂಜೆ ಐದಕ್ಕೆ ಅವನು ಕೋಟು ಒಯ್ಯಲು ಬರುವವನಿದ್ದ.

ಅತ್ತೆಯ ನಾಲಿಗೆಯ ಪ್ರತಾಪವನ್ನು ನನ್ನಷ್ಟು ಚೆನ್ನಾಗಿ ಹೇಳಬಲ್ಲವರು ಮೂರು ಲೋಕದಲ್ಲಿಲ್ಲ. ಅವಳು ತನ್ನ ಹೊಲಿಗೆ ಅಂಗಡಿಯಲ್ಲಿ ಕೂತು "ಇದೇನೇ ಹೊಲಿಗೆ?" ಎಂದು ಸೊಸೆಯನ್ನು ಕೇಳಿದರೆ, ಆಚೆ ಬೀದಿಯ ದರ್ಜಿಗಳು ಬೆಚ್ಚಿಬಿದ್ದು ತಮ್ಮ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಅಂಥ ನಾಲಿಗೆಗೆ ಅವಳ ಗುರುಗಳು ಬೀಗ ಜಡಿದಿದ್ದರು: ಒಂದು ವರ್ಷ ಬೇರೆಯವರ ತಪ್ಪು ಎತ್ತಿ ಆಡಕೂಡದು. ಬೀದಿಗೆ ಬೀದಿಯೇ ಆ ಗುರುಗಳಿಗೆ ಕೈ ಮುಗಿಯಿತು. ಮುನಿಸಿಕೊಂಡು ಹೋಗಿದ್ದ ಗಿರಾಕಿಗಳು ವಾಪಸ್ಸು ಬಂದರು. ಎಂದೋ ಮಾತು ಬಿಟ್ಟಿದ್ದ ತಂಗಿ ಅಕ್ಕಾ ಎಂದು ಬಾಗಿಲಿಗೆ ಬಂದಳು. ಅತ್ತೆಯ ಬಿ.ಪಿ. ಎಷ್ಟು ಇಳಿಯಿತೆಂದರೆ, ತನ್ನ ಮೆಷಿನ್ನೇ ಕೆಟ್ಟಿದೆ ಎಂದು ಡಾಕ್ಟರು ಹೊಸದು ತರಿಸಿದ.

ಸೊಸೆಗೆ ಮಾತ್ರ ಆ ಮೌನ ಗಂಟಲಿಗೆ ಸಿಕ್ಕ ಮುಳ್ಳು. ಗುಂಡಿ ಹಾಕಲೂ ಬಾರದೆ ಮನೆ ಹೊಕ್ಕವಳನ್ನು ಬೈದು ಬೈದೇ ಕೋಟು ಹೊಲಿಯುವ ಮಟ್ಟಕ್ಕೆ ತಂದದ್ದು ಆ ನಾಲಿಗೆ. ಈಗ ತಾನು ಏನು ತೋರಿಸಿದರೂ ಅತ್ತೆ "ಆಯಿತು" ಎನ್ನುತ್ತಾಳೆ. ಸೊಸೆ ಒಳಗೆ ಹೋದದ್ದೇ ತಡ, ಕದ್ದು ಬಿಚ್ಚಿ, ಇರುವೆ ಸಾಲಿನಂಥ ತನ್ನ ಹೊಲಿಗೆ ಹಾಕಿಬಿಡುತ್ತಾಳೆ. ಅತ್ತೆಯ ಹೊಲಿಗೆಯನ್ನು ಸೊಸೆ ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ಇವಳಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕೈಬಿಟ್ಟರಲ್ಲ, ಎಂದುಕೊಂಡಳು. ಯಾರಿಗೂ ಹೇಳದೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಕೇಳಿ ಬಂದಳು. ಸೋಮವಾರ ಬಾ ಎಂದಿದ್ದರು. ಈ ತೋಳಿಗೂ ಬೈಯದಿದ್ದರೆ ಹೊರಟೇಬಿಡುವುದು ಎಂದು, ಬೇಕೆಂದೇ ಉಲ್ಟಾ ಹೊಲಿದು ಇಟ್ಟಿದ್ದಳು.

"ಹೇಗಿದೆ ಅತ್ತೆ?"

ಅತ್ತೆ ಕೋಟಿನ ಅಂಚು ಸವರಿದಳು. "ಬಟ್ಟೆ ಒಳ್ಳೇದು."

"ಬಟ್ಟೆ ಗಿರಾಕೀದು. ಹೊಲಿಗೆ?"

"ದಾರಾನೂ ಒಳ್ಳೇದೇ," ಎನ್ನುತ್ತಾ ಅತ್ತೆ ಹೊಲಿಗೆ ಬಿಚ್ಚುವ ಬ್ಲೇಡಿಗಾಗಿ ತಡಕಾಡಿದಳು. "ನೀನು ಹೋಗಿ ಅನ್ನಕ್ಕಿಡು ಹೋಗು."

ಬ್ಲೇಡು ಆಗಲೇ ಸೊಸೆಯ ಕೈಯಲ್ಲಿತ್ತು. "ನಾನು ಅತ್ತ ಹೋದ ಮೇಲೆ ಬಿಚ್ಚೋಕೆ ತಾನೆ?"

"ಸುಮ್ಮನಿರೇ. ಗುರುಗಳ ಮಾತು."

"ಗುರುಗಳು ಹೇಳಿದ್ದು ಬೇರೆಯವರ ತಪ್ಪು ಎತ್ತಿ ಆಡಬೇಡ ಅಂತ. ನಾನು ಬೇರೆಯವಳಾ ಅತ್ತೆ?" ಸೊಸೆಯ ದನಿ ನಡುವೆ ತುಂಡಾಯಿತು. "ಹಾಗಿದ್ದರೆ ಹೇಳಿಬಿಡಿ. ಸೋಮವಾರದಿಂದ ಫ್ಯಾಕ್ಟರಿಗೆ ಹೋಗ್ತೀನಿ. ಅಲ್ಲಿ ಸೂಪರ್‌ವೈಸರು ಬಾಯಿ ತುಂಬಾ ಬೈತಾನಂತೆ."

"ಫ್ಯಾಕ್ಟರಿಗಾ?" ಎಂದಳು ಅತ್ತೆ. ಅಷ್ಟೇ, ಕಟ್ಟೆ ಒಡೆಯಿತು. "ಈ ತೋಳು ಹೊಲಿದ ಕೈಗೆ ಯಾವ ಫ್ಯಾಕ್ಟರಿಯವನೇ ಕೆಲಸ ಕೊಡೋದು? ಮನುಷ್ಯನಿಗೆ ಹೊಲಿದಿದ್ದೀಯೋ, ಬೆದರುಗೊಂಬೆಗೋ? ಕಂಕುಳ ಹತ್ತಿರ ನೋಡು, ಇಷ್ಟು ಸುಕ್ಕು ನನ್ನ ಮುಖದಲ್ಲೂ ಇಲ್ಲ. ನಾನು ಹೇಳಿಕೊಟ್ಟಿದ್ದೆಲ್ಲ ಎಲ್ಲಿ ಅಡವಿಟ್ಟು ಬಂದೆ?" ಎದುರು ಮಾಳಿಗೆಯ ಪಾರಿವಾಳಗಳೆಲ್ಲ ಹಾರಿದವು, ಇವತ್ತಿಗೂ ಒಂದೂ ವಾಪಸ್ಸು ಬಂದಿಲ್ಲ. ಸೊಸೆ ಮಾತ್ರ, ಕಳೆದುಹೋಗಿದ್ದ ಮಗು ತಾಯಿಯ ದನಿ ಕೇಳಿದ ಹಾಗೆ, ಮೂಗು ಸೊರಸೊರ ಎಳೆಯುತ್ತಾ ನಿಂತು ಕೇಳಿದಳು.

ನಡುವೆ ಅತ್ತೆ ಗಕ್ಕನೆ ನಿಂತಳು. ಬಾಯಿಗೆ ಅಂಗೈ ಅಡ್ಡ ಹಿಡಿದು, ಕುರ್ಚಿಗೆ ಕುಸಿದಳು.

"ಅಯ್ಯೋ, ಏನು ಮಾಡಿಬಿಟ್ಟೆ."

"ಏನಾಯ್ತೀಗ? ಬೈದಿರಿ. ನನಗೆ ಹಾಯಾಗಿದೆ."

"ನಿನಗೇನು ಗೊತ್ತು." ಅತ್ತೆಯ ದನಿ ಇಳಿದಿತ್ತು. "ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಜ್ವರ ತಲೆಗೇರಿ ನನ್ನನ್ನೇ ಯಾರು ನೀವು ಅಂತ ಕೇಳಿದೆಯಲ್ಲ, ಆವತ್ತು ಓಡಿಹೋಗಿ ಗುರುಗಳ ಕಾಲು ಹಿಡಿದೆ. ಬಿಡೋಕೆ ಯಾವುದು ಕಷ್ಟವೋ ಅದನ್ನ ಒಂದು ವರ್ಷ ಬಿಡು ಅಂದರು. ಕಾಫಿ ಬಿಡ್ತೀನಿ ಅಂದೆ. ನಕ್ಕರು. ತಪ್ಪು ಎತ್ತಾಡೋ ನಾಲಿಗೆ ಬಿಡು ಅಂದರು. ಮಾರನೇ ಬೆಳಗ್ಗೆ ನಿನ್ನ ಜ್ವರ ಇಳೀತು. ವರ್ಷ ತುಂಬೋಕೆ ಇನ್ನೂ ದಿನ ಇತ್ತು ಕಣೇ. ಈಗ ನಿನಗೇನಾದರೂ ಆದರೆ?"

ಸೊಸೆ ಕುರ್ಚಿಯ ಪಕ್ಕ, ಬಟ್ಟೆಚೂರುಗಳ ನಡುವೆ ಕೂತಳು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಅತ್ತೆಯ ಬಲಗೈಯನ್ನು ಎಳೆದು ತನ್ನ ಹಣೆಗೆ ಒತ್ತಿಕೊಂಡಳು.

"ನೋಡಿ. ಬಿಸಿ ಇದೆಯಾ?"

"ಇಲ್ಲ."

"ಮತ್ತೆ? ಐದಕ್ಕೆ ಮದುಮಗ ಬರ್ತಾನೆ. ಕೊರಳಪಟ್ಟಿ ಬಗ್ಗೆ ನೀವಿನ್ನೂ ಏನೂ ಹೇಳೇ ಇಲ್ಲ."

ಅತ್ತೆ ಎಡಗೈಯಲ್ಲಿ ಕೋಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೊರಳಪಟ್ಟಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಇದಾ? ಕತ್ತೆ ಕಿವಿ ಇದಕ್ಕಿಂತ ನೆಟ್ಟಗಿರುತ್ತೆ," ಎಂದಳು, ಪಕ್ಕದ ಅಂಗಡಿಗೂ ಕೇಳಿಸದಷ್ಟು ಮೆಲ್ಲಗೆ, ಬಲಗೈಯನ್ನು ಸೊಸೆಯ ಹಣೆಯಿಂದ ತೆಗೆಯದೆ.